ನೌಕರಿಯ ಮಾತಿಗೆ ಲೆಕ್ಕ ಬೇಕು

ರಾಜಕೀಯ ಭಾಷಣದಲ್ಲಿ ಉತ್ಪ್ರೇಕ್ಷೆಯೇ ಇರಬಾರದು ಎಂದು ನಾನು ಹೇಳುವುದಿಲ್ಲ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಒಂಬತ್ತನೇ ಶತಮಾನದಲ್ಲಿ ಶ್ರೀವಿಜಯನ ‘ಕವಿರಾಜಮಾರ್ಗ’ ಅತಿಶಯವನ್ನೂ ಅಲಂಕಾರಗಳ ಸಾಲಿಗೆ ಸೇರಿಸಿತು. ಎದುರಾಳಿಗಳು ಧೂಳೀಪಟವಾಗುತ್ತಾರೆ ಎಂದು ನಾಯಕರೊಬ್ಬರು ಗುಡುಗಿದರೆ ಅದನ್ನು ಯಾರೂ ಅಕ್ಷರಶಃ ತೆಗೆದುಕೊಳ್ಳುವುದಿಲ್ಲ. ಅದರಿಂದ ಯಾರಿಗೂ ನಷ್ಟವಿಲ್ಲ. ಅದೇ ಉತ್ಪ್ರೇಕ್ಷೆ ಕಾನೂನು, ಹಕ್ಕು, ಅನುದಾನಗಳ ಮಾತಿಗೆ ಹೊಕ್ಕಾಗ ಮಾತ್ರ ಕೇಳಿದವರು ಬೆಲೆ ತೆರಬೇಕಾಗುತ್ತದೆ.

371(ಜೆ) ವಿಧಿಯನ್ನೇ ನೋಡಿ. 2012ರ ಕೊನೆಯಲ್ಲಿ ಸಂಸತ್ತು ಸಂವಿಧಾನದ 98ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಾಗಿನಿಂದ, ಕಲಬುರಗಿ ಭಾಗದ ಮಕ್ಕಳ ನೌಕರಿಯ ಚಿಂತೆ ಮುಗಿಯಿತು ಎಂಬ ಧಾಟಿಯ ಮಾತು ವೇದಿಕೆಗಳಲ್ಲಿ ನಿಂತಿಲ್ಲ. ವಿಧಿ ಕೊಟ್ಟದ್ದು ದೊಡ್ಡದೇ: ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅನುದಾನದಲ್ಲಿ ನ್ಯಾಯವಾದ ಪಾಲು, ಶಿಕ್ಷಣದಲ್ಲಿ ಮತ್ತು ರಾಜ್ಯ ಸರ್ಕಾರದ ಸ್ಥಳೀಯ ಹುದ್ದೆಗಳಲ್ಲಿ ಮೀಸಲು. ಆದರೆ ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಕೆಲಸಕ್ಕೆ ಅದು ಅನ್ವಯಿಸುವುದಿಲ್ಲ. ರೈಲ್ವೆ ನೌಕರಿಗೂ ಇಲ್ಲ. ಶಹಾಬಾದಿನಲ್ಲಿ ಮುಚ್ಚಿಹೋದ ಸಿಮೆಂಟ್ ಕಾರ್ಖಾನೆಯನ್ನು ಅದು ತೆರೆಸಲಾರದು. ಸರ್ಕಾರಿ ಹುದ್ದೆಯ ಮಾತೂ ಅಷ್ಟೆ, ಅರ್ಜಿ ಕರೆಯದೆ ಖಾಲಿ ಬಿಟ್ಟರೆ ಸೊನ್ನೆ ಹುದ್ದೆಯಲ್ಲಿ ಶೇ 75ರ ಮೀಸಲೂ ಸೊನ್ನೆಯೇ. ಈ ಮಿತಿಗಳನ್ನು ತಿಳಿಸದೆ ಹೊಗಳಿದ ಕಾನೂನನ್ನು ನಂಬಿ ಚಿಂಚೋಳಿಯ ಪದವೀಧರ ವರ್ಷಗಟ್ಟಲೆ ಕಾಯುತ್ತಾನೆ. ಯಾರನ್ನು ಕೇಳಬೇಕು, ಏನನ್ನು ಕೇಳಬೇಕು ಎಂಬುದೂ ಅವನಿಗೆ ಗೊತ್ತಾಗುವುದಿಲ್ಲ.

ದೊಡ್ಡ ಮಾತಿಲ್ಲದೆ ಜನ ಬೀದಿಗಿಳಿಯುತ್ತಾರೆಯೇ ಎಂದು ಕೇಳುವವರಿದ್ದಾರೆ. ಚಿಂಚೋಳಿಯನ್ನು ಪ್ರತಿನಿಧಿಸಿದ್ದ ವೈಜನಾಥ ಪಾಟೀಲರು ಈ ವಿಧಿಗಾಗಿ ದಶಕಗಳ ಕಾಲ ಹೋರಾಡಿದರು. ಘೋಷಣೆಗಳ ಕಾವು ಆ ಹೋರಾಟಕ್ಕೆ ಬೇಕಿತ್ತು, ಒಪ್ಪುತ್ತೇನೆ. ಆದರೆ ಬೇಡಿಕೆಗೆ ಯಾರೂ ಅಲ್ಲಗಳೆಯಲಾಗದ ಬಲ ಬಂದದ್ದು ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯಿಂದ. ಸಮಿತಿ 35 ಸೂಚಕಗಳನ್ನು ಹಿಡಿದು, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು ಒಂದೊಂದು ತಾಲ್ಲೂಕನ್ನೂ ಅಳೆಯಿತು. ಅಂದಿನ ಗುಲಬರ್ಗಾ ವಿಭಾಗದ 31 ತಾಲ್ಲೂಕುಗಳಲ್ಲಿ 28 ಹಿಂದುಳಿದವು ಎಂದು ಗೊತ್ತಾಯಿತು. ಚಿಂಚೋಳಿ, ಸೇಡಂ, ಚಿತ್ತಾಪುರ ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿದ್ದವು. ನಮ್ಮನ್ನು ನಾಶ ಮಾಡಿದರು ಎಂಬ ಕೂಗಿಗೆ ಬೆಂಗಳೂರಿನಲ್ಲಿ ಸಮಾಧಾನದ ಉತ್ತರ ಸಿಗುತ್ತಿತ್ತು. ಈ ಅಂಕಿಗೆ ಸಮಾಧಾನ ಹೇಳಿ ಕಳಿಸುವುದು ಸುಲಭವಿರಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅಕ್ಷರಶಃ ನಿಜವಾದ ಮಾತೂ ಮೋಸ ಮಾಡಬಲ್ಲದು. ಕಲಬುರಗಿ ರೈಲ್ವೆ ವಿಭಾಗ ಘೋಷಣೆಯಾಗಿದೆ ಎಂಬ ಮಾತಿನಲ್ಲಿ ಸುಳ್ಳಿಲ್ಲ. ಘೋಷಣೆಯಾಗಿ ದಶಕ ದಾಟಿದರೂ ವಾಡಿ ಜಂಕ್ಷನ್ ಸೊಲ್ಲಾಪುರ ವಿಭಾಗದಲ್ಲೇ ಉಳಿದಿದೆ. ‘ಮಂಜೂರಾಗಿದೆ’, ‘ಪ್ರಸ್ತಾವ ಹೋಗಿದೆ’ ಎಂಬ ಮಾತುಗಳೂ ಇದೇ ಜಾತಿಯವು. ಹಾಗಾಗಿ ನಾಯಕರ ಮಾತು ನಿಜವೇ ಎಂದು ಕೇಳಿದರೆ ಸಾಲದು, ಪೂರ್ತಿಯೇ ಎಂದೂ ಕೇಳಬೇಕು. ಏನು ಆಗಿದೆ ಎಂಬುದರ ಜೊತೆಗೆ ಏನು ಆಗಿಲ್ಲ ಎಂಬುದನ್ನೂ ಹೇಳಿದಾಗಲೇ ಲೆಕ್ಕ ಮುಗಿಯುತ್ತದೆ.

ಇದು ಆಳುವವರಿಂದ ಆಗದ ಕೆಲಸವೇನಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ 12 ಮತ್ತು 14ನೇ ಶಾಸನಗಳು ಸಿಕ್ಕಿವೆ. ಹನ್ನೆರಡನೆಯದು ತನ್ನ ಪಂಥವನ್ನು ಹೊಗಳುವಾಗ, ಪರರದನ್ನು ತೆಗಳುವಾಗ ನಾಲಿಗೆಗೆ ಹಿಡಿತವಿರಲಿ ಎನ್ನುತ್ತದೆ. ಹದಿನಾಲ್ಕನೆಯದರಲ್ಲಿ ಚಕ್ರವರ್ತಿ, ಕೆಲವು ಮಾತುಗಳನ್ನು ಅಪೂರ್ಣವಾಗಿ ಕೆತ್ತಿರಬಹುದು, ಬರೆದವನ ತಪ್ಪೂ ಇರಬಹುದು ಎಂದು ಕಲ್ಲಿನಲ್ಲೇ ಒಪ್ಪಿಕೊಳ್ಳುತ್ತಾನೆ. ಮುಂದಿನ ಸಲ ಸೇಡಂ, ಚಿಂಚೋಳಿ, ಶಹಾಬಾದಿನ ವೇದಿಕೆಗಳಲ್ಲಿ ನೌಕರಿಯ ಭರವಸೆ ಕೊಡುವವರು ಯಾವ ಇಲಾಖೆ, ಎಷ್ಟು ಹುದ್ದೆ, ಯಾವ ವರ್ಷದೊಳಗೆ ಭರ್ತಿ ಎಂದು ಹೇಳಲಿ. ಕಳೆದ ಸಲ ಹೇಳಿದ್ದರಲ್ಲಿ ಎಷ್ಟು ಬಾಕಿ ಉಳಿದಿದೆ ಎಂಬುದನ್ನೂ ಅದೇ ಮೈಕಿನಲ್ಲಿ ಓದಲಿ.