ಹೊಗಳಿಕೆಯ ಐದು ಅಕ್ಷರಗಳು

ಜಪಾನಿನಲ್ಲಿ ಹೊಸದಾಗಿ ಅಡುಗೆ ಕಲಿಯುವವರಿಗೆ ಮೊದಲು ಹೇಳಿಕೊಡುವ ಪಾಠ: ಸ, ಶಿ, ಸು, ಸೆ, ಸೊ. ಅದು ಅವರ ಅಕ್ಷರಮಾಲೆಯ ಒಂದು ಸಾಲು. ಸಕ್ಕರೆ, ಉಪ್ಪು, ವಿನೆಗರ್, ಸೋಯಾ ಸಾಸ್, ಮಿಸೊ - ಇವನ್ನು ಪಾತ್ರೆಗೆ ಹಾಕುವ ಕ್ರಮ ಇದರಲ್ಲಿದೆ. ಉಪ್ಪು ಮೊದಲು ಬಿದ್ದರೆ ತರಕಾರಿಯೊಳಗೆ ಸಿಹಿ ಇಳಿಯುವುದಿಲ್ಲವಂತೆ.

ಇದೇ ಐದು ಅಕ್ಷರಗಳಲ್ಲಿ ಅವರು ಹೊಗಳಿಕೆಯನ್ನೂ ಜೋಡಿಸಿಟ್ಟಿದ್ದಾರೆ. 'ಸಸುಗ' ಎಂದರೆ ನೀವಲ್ಲದೆ ಇನ್ನಾರು ಹೀಗೆ ಮಾಡಿಯಾರು ಎಂಬ ಭಾವ. 'ಶಿರನಕತ್ತ', ನನಗಿದು ಗೊತ್ತೇ ಇರಲಿಲ್ಲ. 'ಸುಗೊಯ್', ಅದ್ಭುತ. 'ಸೆನ್ಸು ಈ', ನಿಮ್ಮ ಅಭಿರುಚಿ ಚೆನ್ನಾಗಿದೆ. 'ಸೋ ನನ್ ದೆಸು ಕ', ಹೌದೇನು! ಗಮನಿಸಿ, ಇವುಗಳಲ್ಲಿ ಎರಡು ಹೊಗಳಿಕೆಯೇ ಅಲ್ಲ. ಎದುರಿನವರ ಮಾತನ್ನು ಮನಸ್ಸಿಟ್ಟು ಕೇಳುತ್ತಿದ್ದೇನೆ ಎಂಬ ಸೂಚನೆ ಅಷ್ಟೇ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಸಿಗದಿರುವುದು ಅದೇ ಅಲ್ಲವೇ?

ಆದರೆ ಗಂಡಸರನ್ನು ಮೆಚ್ಚಿಸಲು ಹುಡುಗಿಯರು ಬಳಸಬೇಕಾದ ಉಪಾಯವೆಂದೂ ಇವನ್ನು ಅಲ್ಲಿ ಹೇಳಿಕೊಡುವುದುಂಟು. ಗೊತ್ತಿದ್ದೂ ಗೊತ್ತಿಲ್ಲವೆನ್ನುವ ಈ ನಟನೆ ನನಗಂತೂ ಹಿಡಿಸದು. ಬಾಯಿಮಾತಿನ ಹೊಗಳಿಕೆಗೆ ಜಪಾನೀಯರಲ್ಲೇ 'ಒಸೆಜಿ' ಎಂಬ ಬೇರೆ ಹೆಸರಿದೆ. ಪ್ರವಾದಿ(ಸ)ರವರು ಮುಖಸ್ತುತಿಯನ್ನು ತಡೆದರು. ಹೊಗಳಲೇಬೇಕೆಂದಿದ್ದರೆ, ಅವರ ಬಗ್ಗೆ ನನ್ನ ಭಾವನೆ ಹೀಗಿದೆ ಎಂದಷ್ಟೇ ಹೇಳಲು ಕಲಿಸಿದರು.

ಹಿರಿಯರ ವಿಷಯದಲ್ಲಿ ಜಪಾನೀಯರು ಇನ್ನೂ ಸೂಕ್ಷ್ಮ. ಗುರುಗಳಿಗೆ 'ಜೋಜು', ಅಂದರೆ ಚೆನ್ನಾಗಿ ಮಾಡುತ್ತೀರಿ ಎಂದರೆ ಅದು ಉದ್ಧಟತನ. ಅವರಿಗೆ ಅಂಕ ಕೊಡಲು ನಾವು ಯಾರು? 'ನಿಮ್ಮಿಂದ ಕಲಿತೆ' ಎನ್ನುವುದೇ ಅಲ್ಲಿ ಮರ್ಯಾದೆ.

ಹೊಗಳಿಸಿಕೊಂಡವರ ಉತ್ತರವೂ ಸಿದ್ಧವಾಗಿರುತ್ತದೆ: 'ಈಯೆ, ಮದಮದ ದೆಸು.' ಇಲ್ಲಪ್ಪ, ನಾನಿನ್ನೂ ಅಷ್ಟಕ್ಕೆ ಬಂದಿಲ್ಲ. ತನ್ನ ಬಗ್ಗೆ ಹೀಗೆ ತಗ್ಗಿ ನುಡಿಯುವುದು ಚೆಂದವೇ. ತೊಡಕು ಬರುವುದು ಈ ವಿನಯ ಮನೆಯವರ ಮೇಲೂ ಬಿದ್ದಾಗ. ಹಳೆಯ ಕಾಲದ ಪತ್ರಗಳಲ್ಲಿ ಗಂಡನು ಹೆಂಡತಿಯನ್ನು 'ಗುಸೈ' ಎಂದು ಬರೆಯುತ್ತಿದ್ದ, ಅಂದರೆ ದಡ್ಡ ಹೆಂಡತಿ. ಮಗ 'ಗುಸೊಕು', ದಡ್ಡ ಮಗ. ಇಂದು ಈ ಪದಗಳು ಹೆಚ್ಚು ಕೇಳಿಬರುವುದಿಲ್ಲ, ಬಳಸಿದರೆ ಹೆಂಗಸರು ಸಿಡುಕುತ್ತಾರೆ. ಆದರೂ ಅಭ್ಯಾಸ ಪೂರ್ತಿ ಹೋಗಿಲ್ಲ. 'ನಿಮ್ಮ ಮಗಳು ಎಷ್ಟು ಜಾಣೆ!' ಎಂದು ನೆರೆಮನೆಯಾಕೆ ಹೇಳಿದರೆ, 'ಅಯ್ಯೋ, ಅವಳಿಗೇನು ಬರುತ್ತದೆ' ಎಂದುಬಿಡುವ ತಾಯಂದಿರಿದ್ದಾರೆ. ನೆರೆಯಾಕೆಗೆ ಅದು ಬರೀ ಶಿಷ್ಟಾಚಾರವೆಂದು ಗೊತ್ತು. ತಾಯಿಯ ಸೆರಗಿನ ಮರೆಯಲ್ಲಿ ನಿಂತ ಮಗುವಿಗೆ ಗೊತ್ತಿಲ್ಲ. ಅದಕ್ಕೇ ಈಗಿನ ಕೆಲವು ತಾಯಂದಿರು ಬೇರೆ ದಾರಿ ಹಿಡಿದಿದ್ದಾರೆ: 'ಅರಿಗತೋ, ದಿನವೂ ಕೂತು ಓದುತ್ತಾಳೆ' ಎಂದು ಮಗಳತ್ತ ತಿರುಗಿ ನೋಡುತ್ತಾರೆ.