ಕಾಲೇಜು ಕಟ್ಟಿದೆವು, ದಾರಿ ತೋರಿಸಿದೆವಾ?

ಭಟ್ಕಳದಲ್ಲಿ 1919ರಲ್ಲಿ ಅಂಜುಮನ್ ಶುರುವಾಯಿತು. 1966ರಲ್ಲಿ ಬೆಂಗಳೂರಿನಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಅಲ್-ಅಮೀನ್ ಕಟ್ಟಿದರು. ಅಂದು ನಮ್ಮ ಮಕ್ಕಳಿಗೆ ಬೇಕಿದ್ದುದು ಶಾಲೆ, ಕಾಲೇಜು. ಇಂದು ಕಾಲೇಜಿಗೆ ಬರ ಇಲ್ಲ. ಯಾವ ಕೋರ್ಸು, ಮುಂದೇನು ಎಂದು ಕೂತು ಹೇಳುವವರು ಕಡಿಮೆ.

ಸಂಡೂರು ತಾಲೂಕಿನ ಯಶವಂತನಗರದ ಕಡೆಯನ್ನೇ ನೋಡಿ. ಅದಿರು ಲಾರಿಗಳ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಬಿಟ್ಟ ಎಷ್ಟೋ ಹುಡುಗರು ಸ್ಟೇರಿಂಗ್ ಹಿಡಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳೂ ನಿಂತವು. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇದೆ, ಆದರೆ ಒಳ್ಳೆಯ ಕೆಲಸಕ್ಕೆ ಐಟಿಐ, ಡಿಪ್ಲೊಮಾ ಬೇಕು. 371(ಜೆ) ಮೀಸಲಾತಿ ಈ ಜಿಲ್ಲೆಗೂ ಇದೆ. ಅದರ ಅರ್ಹತಾ ಪ್ರಮಾಣಪತ್ರ ಮೊದಲೇ ಮಾಡಿಸಿಡಿ ಎಂದು ಮನೆಯವರಿಗೆ ಯಾರು ಹೇಳಬೇಕು?

ಫೌಂಡೇಶನ್‌ಗಳು ಸ್ಕಾಲರ್‌ಶಿಪ್ ಕೊಡಲಿ, ಅಲ್ಲಾಹನು ಅವರಿಗೆ ಬರ್ಕತ್ ನೀಡಲಿ. ಆದರೆ ದಾರಿ ಗೊತ್ತಿಲ್ಲದವನ ಕೈಗೆ ಬಸ್ ಚಾರ್ಜು ಕೊಟ್ಟರೆ ಸಾಕಾ? ಉಸ್ತಾದರಾದ ನಮ್ಮದೂ ತಪ್ಪಿದೆ: ಮದ್ರಸ ಯಾಕೆ ಬಿಟ್ಟೆ ಎಂದು ಕೇಳುತ್ತೇವೆ, ಮುಂದೇನು ಓದ್ತೀಯಾ ಎಂದು ಕೇಳುವುದಿಲ್ಲ.

ರಿಸಲ್ಟ್ ಬಂದ ವಾರ, ಜುಮಾ ನಂತರ, ಪ್ರತಿ ಜಮಾಅತಿನಲ್ಲೂ ಒಂದು ಮೇಜು ಹಾಕೋಣ. ಓದಿದವರು ಕೂರಲಿ, ತಾಯಂದಿರೂ ಬರಲಿ. ಇದಕ್ಕೆ ದೊಡ್ಡ ಖರ್ಚೇನಿಲ್ಲ.