ಇಂಜೆಕ್ಟರ್ ಬಿಚ್ಚುವ ಮೊದಲು ವೈರ್ ನೋಡಿ

ಕಳೆದ ಧನುರ್ಮಾಸದಲ್ಲಿ ನಮ್ಮ ಬಳಗದ ಒಬ್ಬರ ಚಿಕ್ಕಪ್ಪ ನೂರು ಬಾಕ್ಸ್ ಟೊಮೆಟೊ ಹೇರಿಕೊಂಡು ಕೋಲಾರದ ಎಪಿಎಂಸಿಗೆ ಹೊರಟಿದ್ದರು. ಬಾಕ್ಸಿಗೆ 15 ಕೆಜಿ ಅಂದರೆ ಒಂದೂವರೆ ಟನ್. ಊರು ದಾಟಿ ಏರು ಸಿಕ್ಕಿದ ಕೂಡಲೇ ಪಿಕಪ್ ನಡುಗಲು ಶುರುವಾಯಿತು. ಎಳೆತ ಹೋಯಿತು, ಇಂಜಿನ್ ಲೈಟ್ ಹತ್ತಿಕೊಂಡಿತು. ಮೂರೇ ಸಿಲಿಂಡರ್‌ನಲ್ಲಿ ತೆವಳಿಕೊಂಡು ಮಾರುಕಟ್ಟೆ ಮುಟ್ಟುವ ಹೊತ್ತಿಗೆ ಹರಾಜು ಮುಗಿದಿತ್ತು. ಸಿಕ್ಕವರು ಕೇಳಿದ ರೇಟಿಗೆ ಮಾಲು ಕೊಟ್ಟು ಬಂದರು.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ 0203 ಎಂದು ಬಂತು. ‘ಮೂರನೇ ಇಂಜೆಕ್ಟರ್ ಹೋಗಿದೆ’ ಅಂದರು, ಬದಲಾಯಿಸಿದರು. ಎರಡು ದಿನ ಗಾಡಿ ಚೆನ್ನಾಗಿ ಓಡಿತು. ಮೂರನೇ ದಿನ ಅದೇ ನಡುಕ. ‘ಹೊಸದೇ ಡಿಫೆಕ್ಟ್ ಪೀಸ್ ಇರಬೇಕು’ ಅಂತ ಇನ್ನೊಂದು ಹಾಕಿದರು. ಅಲ್ಲಿಗೆ ಇಪ್ಪತ್ತೆಂಟು ಸಾವಿರ ಕೈಬಿಟ್ಟಿತ್ತು. ನಡುಕ ಮಾತ್ರ ಬಿಟ್ಟಿರಲಿಲ್ಲ.

ಕೊನೆಗೆ ಬಸ್‌ಸ್ಟ್ಯಾಂಡ್ ಹಿಂದೆ ಕೂರುವ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದರು. ಅವರು ಇಂಜಿನ್ ಸ್ಟಾರ್ಟ್‌ನಲ್ಲೇ ಇಟ್ಟು, ಇಂಜೆಕ್ಟರ್ ಕಡೆ ಹೋಗುವ ವೈರಿನ ಕಟ್ಟನ್ನು ಗೇಣು ಗೇಣಾಗಿ ಮೆಲ್ಲಗೆ ಅಲ್ಲಾಡಿಸುತ್ತಾ ಬಂದರು. ಒಂದು ಕ್ಲಿಪ್ ಹತ್ತಿರ ಅಲ್ಲಾಡಿಸಿದಾಗ ಇಂಜಿನ್ ಮುಗ್ಗರಿಸಿತು. ಟೇಪ್ ಬಿಚ್ಚಿ ನೋಡಿದರೆ ಬ್ರಾಕೆಟ್ಟಿನ ಅಂಚು ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಹೋಗಿದೆ, ಒಳಗಿನ ತಾಮ್ರ ಆಗಾಗ ಕಬ್ಬಿಣಕ್ಕೆ ತಾಗುತ್ತಿದೆ. ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಅಂಚಿನಿಂದ ದೂರ ಕಟ್ಟಿದರು. ಅರ್ಧ ಗಂಟೆ ಕೆಲಸ.

ಹಾಗಾದರೆ ಮೊದಲ ಎರಡು ದಿನ ಗಾಡಿ ಓಡಿದ್ದು ಹೇಗೆ? ಇಂಜೆಕ್ಟರ್ ಬಿಚ್ಚಿ ಹಾಕುವಾಗ ವೈರ್ ಕಟ್ಟು ಒಂದಿಷ್ಟು ಸರಿದಿತ್ತು, ಅಷ್ಟೇ. ಹೊಸ ಪಾರ್ಟ್‌ನಿಂದ ರಿಪೇರಿ ಆಯಿತು ಅನ್ನುವ ಭ್ರಮೆ ಹುಟ್ಟುವುದೇ ಹೀಗೆ.

ಪಿ 0201ರಿಂದ ಪಿ 0204ರವರೆಗಿನ ಕೋಡ್‌ಗಳು ಹೇಳುವುದು ‘ಇಂಜೆಕ್ಟರ್ ಸರ್ಕ್ಯೂಟ್’ನಲ್ಲಿ ದೋಷವಿದೆ ಎಂದು. ಸರ್ಕ್ಯೂಟ್ ಅಂದರೆ ಇಂಜೆಕ್ಟರ್ ಒಳಗಿನ ಕಾಯಿಲ್, ಅದರ ಸಾಕೆಟ್, ವೈರ್, ಇಸಿಎಂ ಎಲ್ಲಾ ಸೇರಿ. ಬೋರ್‌ವೆಲ್ ಮೋಟಾರ್ ತಿರುಗದಿದ್ದರೆ ನಾವು ಮೊದಲು ಫ್ಯೂಸು, ಸ್ಟಾರ್ಟರ್, ಕೇಬಲ್ ನೋಡುತ್ತೇವೆಯೇ ಹೊರತು ನೇರ ಮೋಟಾರ್ ಎತ್ತಿಸುವುದಿಲ್ಲ. ಆ ಬುದ್ಧಿ ಗಾಡಿ ವಿಷಯದಲ್ಲಿ ಯಾಕೆ ಓಡುವುದಿಲ್ಲವೋ. ಇದು ನಮ್ಮೂರಿನ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಫೋರ್ಡ್ 7.3 ಲೀಟರ್ ಡೀಸೆಲ್ ಇಂಜಿನ್‌ನಲ್ಲಿ ಇಂಜೆಕ್ಟರ್ ಮತ್ತು ಹೀಟರ್ ಪ್ಲಗ್ ಎರಡರ ವೈರೂ ವಾಲ್ವ್ ಕವರ್ ಗ್ಯಾಸ್ಕೆಟ್‌ನ ಕನೆಕ್ಟರ್ ಮೂಲಕವೇ ಹೋಗುತ್ತವೆ. ಆ ಕನೆಕ್ಟರ್ ಸಡಿಲವಾದರೆ, ಸುಟ್ಟರೆ, ಇಂಜೆಕ್ಟರ್ ಸತ್ತಂತೆಯೇ ಕಾಣುತ್ತದೆ.

ನಮ್ಮ ಕಡೆ ವೈರ್ ಕೆಡಿಸುವವರು ಬೇರೆ. ಮೊದಲನೆಯದು ಇಲಿ. ಕೊಟ್ಟಿಗೆ ಪಕ್ಕ, ಮೇವಿನ ಬಣವೆ ಪಕ್ಕ ಗಾಡಿ ನಿಲ್ಲಿಸಿದರೆ ಬಾನೆಟ್ ಒಳಗೆ ಬೆಚ್ಚಗಿನ ಮನೆ ಸಿಕ್ಕಿದ ಹಾಗೆ. ಎರಡನೆಯದು ಪ್ರೆಷರ್ ವಾಟರ್ ಸರ್ವಿಸ್: ಸಾಕೆಟ್ ಒಳಗೆ ನೀರು ನಿಂತು ಪಿನ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಇನ್ನು ನಾವೇ ಆಸೆಪಟ್ಟು ಹಾಕಿಸುವ ಲೈಟು, ಹಾರ್ನು, ಪಾಟು. ಸಿಕ್ಕ ವೈರಿಗೆ ತಿರುಚಿ ಟೇಪ್ ಸುತ್ತಿದ ಆ ಜಾಯಿಂಟ್‌ಗಳನ್ನು ಒಮ್ಮೆ ಎಣಿಸಿ ನೋಡಿ.

ಹೀಟರ್ ಪ್ಲಗ್ಗಿನ ಕಥೆಯೂ ಇದೇ. ಚಳಿಯಲ್ಲಿ ಸಿಲಿಂಡರ್ ಒಳಗಿನ ಗಾಳಿ ಬಿಸಿಯಾಗಲು ಕೊಡುವ ಸಹಾಯ ಅದು. ಬೆಳಗ್ಗೆ ಐದಕ್ಕೆ ತಣ್ಣನೆ ಇಂಜಿನ್ ತುಂಬಾ ಹೊತ್ತು ತಿರುಗಿ, ಬಿಳಿ ಹೊಗೆ ಉಗುಳಿ ಸ್ಟಾರ್ಟ್ ಆದರೆ, ಅದರ ಮೇಲೆ ಅನುಮಾನ ಪಡಬಹುದು. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಸ್ಟಾರ್ಟ್ ಆಗದ ಗಾಡಿಗೆ ನಾಲ್ಕೂ ಹೀಟರ್ ಪ್ಲಗ್ ಬದಲಾಯಿಸಿದ್ದನ್ನು ನಾವು ಕಂಡಿದ್ದೇವೆ. ಅಲ್ಲಿ ತಪ್ಪಿದ್ದದ್ದು ಇಂಜಿನ್‌ನಿಂದ ಚಾಸಿಗೆ ಬರುವ ಅರ್ತ್ ಪಟ್ಟಿಯಲ್ಲಿ. ಬೋಲ್ಟ್ ತುಕ್ಕು ಹಿಡಿದು ಸಡಿಲವಾಗಿತ್ತು.

ಇದನ್ನು ಯಾರು ಬೇಕಾದರೂ ನೋಡಬಹುದು. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಡಿಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹಕ್ಕೆ ಹಿಡಿಯಿರಿ, ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಸರಿಯಿಲ್ಲ. ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಹತ್ತಿರ ಇರಬೇಕು, ಸೆಲ್ಫ್ ಹೊಡೆಯುವಾಗ 10ರ ಕೆಳಗೆ ಕುಸಿಯುತ್ತಿದ್ದರೆ ಬೇರೆ ಏನನ್ನೂ ಬಿಚ್ಚುವ ಮೊದಲು ಬ್ಯಾಟರಿ, ಕೇಬಲ್ ನೋಡಿ. ಹೀಟರ್ ಪ್ಲಗ್ಗಿನ ವೈರ್ ತೆಗೆದು ಅದರ ತುದಿಗೂ ಇಂಜಿನ್ ಬಾಡಿಗೂ ಓಮ್ ಅಳೆದರೆ, ಒಳ್ಳೆಯದು ಸಾಮಾನ್ಯವಾಗಿ ಎರಡು ಓಮ್‌ಗಿಂತ ಕಡಿಮೆ ತೋರಿಸುತ್ತದೆ. ಏನೂ ತೋರಿಸದಿದ್ದರೆ ಅದು ಸತ್ತಿದೆ. ನಾಲ್ಕೂ ಸರಿಯಿದ್ದು ಕರೆಂಟೇ ಬರುತ್ತಿಲ್ಲವಾದರೆ ಫ್ಯೂಸು, ರಿಲೇ, ವೈರು.

ಹಳೇ ಕಾಲದವರು ಪ್ಲಗ್ಗಿಗೆ ನೇರ ಬ್ಯಾಟರಿ ಕೊಟ್ಟು ಕೆಂಪಾಗುತ್ತದಾ ನೋಡುತ್ತಿದ್ದರು. ಈಗಿನ ಅನೇಕ ಪ್ಲಗ್‌ಗಳು ಐದು ವೋಲ್ಟ್ ಆಸುಪಾಸಿನಲ್ಲಿ ಕೆಲಸ ಮಾಡುವಂಥವು. ನೇರ 12 ಕೊಟ್ಟರೆ ಸುಟ್ಟೇ ಹೋಗುತ್ತವೆ. ಅದಕ್ಕಿಂತ ದೊಡ್ಡ ಅಪಾಯ ಇಂಜೆಕ್ಟರ್ ಪೈಪಿನದು. ಮೈಕೋ ಪಂಪ್ ಕಾಲದಲ್ಲಿ ಇಂಜಿನ್ ಓಡುತ್ತಿರುವಾಗಲೇ ಪೈಪಿನ ನಟ್ ಒಂದೊಂದಾಗಿ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಅಂತ ಹೇಳುತ್ತಿದ್ದರು. ಆಗ ಇಂಜೆಕ್ಟರಿಗೆ ವೈರೇ ಇರಲಿಲ್ಲ. ಕಾಮನ್ ರೈಲ್ ಗಾಡಿಯಲ್ಲಿ ಹಾಗೆ ಮಾಡಲೇಬೇಡಿ. ಲೋಡಿನಲ್ಲಿ ಅಲ್ಲಿನ ಒತ್ತಡ 1600 ಬಾರ್, ಅಂದರೆ ಸುಮಾರು 23 ಸಾವಿರ ಪಿಎಸ್‌ಐ. ಕೂದಲೆಳೆಯಷ್ಟು ಸೋರಿಕೆಯೂ ಚರ್ಮ ಸೀಳಿ ಒಳಗೆ ಹೋಗುತ್ತದೆ. ಇಂಜೆಕ್ಟರ್ ವೈರಿನಲ್ಲೂ 12 ವೋಲ್ಟ್ ಅಷ್ಟೇ ಅಂದುಕೊಂಡು ಇಂಜಿನ್ ಓಡುವಾಗ ಪಿನ್ನು ಚುಚ್ಚಬೇಡಿ, ಅದಕ್ಕಿಂತ ಬಹಳ ಹೆಚ್ಚಿನ ವೋಲ್ಟೇಜ್ ಹರಿಯುತ್ತಿರುತ್ತದೆ.

ಗ್ಯಾರೇಜಿನವರನ್ನಷ್ಟೇ ಬೈದು ಮುಗಿಸಲು ನಮಗೆ ಮನಸ್ಸಿಲ್ಲ. 2017ರಲ್ಲಿ ಬಿಎಸ್ 4, 2020ರಲ್ಲಿ ಬಿಎಸ್ 6 ದೇಶಕ್ಕೆಲ್ಲಾ ಬಂತು. ಸ್ಪ್ಯಾನರ್ ಹಿಡಿದು ಕಲಿತ ಹುಡುಗರ ಕೈಗೆ ಸ್ಕ್ಯಾನರ್ ಬಂತು, ಅದನ್ನು ಓದಲು ಹೇಳಿಕೊಡುವವರು ಬರಲಿಲ್ಲ. ತಾಲ್ಲೂಕಿನ ಐಟಿಐಗಳು ಕೆಲಸದಲ್ಲಿರುವ ಮೆಕ್ಯಾನಿಕ್‌ಗಳಿಗೆ ಭಾನುವಾರದ ಕ್ಲಾಸ್ ನಡೆಸಿದರೆ ತಪ್ಪೇನು? ಮೀಟರು, ವೈರಿಂಗ್ ನಕ್ಷೆ, ನಾಲ್ಕು ಭಾನುವಾರ.

ಇನ್ನೊಂದು ಕಡೆ ನಾವು ಗಾಡಿಯವರೂ ಇದ್ದೇವೆ. ಪಾರ್ಟ್ ಹಾಕಿದರೆ ಹದಿನಾಲ್ಕು ಸಾವಿರ ಎಣಿಸಿ ಕೊಡುತ್ತೇವೆ. ಎರಡು ಗಂಟೆ ಬಗ್ಗಿ ವೈರ್ ಹುಡುಕಿದವನಿಗೆ ‘ಏನೂ ಹಾಕಲೇ ಇಲ್ಲವಲ್ಲ, ಯಾಕೆ ಕಾಸು?’ ಅನ್ನುತ್ತೇವೆ. ಆ ಹಿರಿಯ ಎಲೆಕ್ಟ್ರಿಷಿಯನ್ ಕೇಳಿದ್ದು ನಾನೂರು. ಚಿಕ್ಕಪ್ಪ ಚೌಕಾಸಿ ಮಾಡಿ ಮುನ್ನೂರು ಕೊಟ್ಟರು. ಪಕ್ಕದಲ್ಲೇ ನಿಂತಿದ್ದ ನಾವೂ ಬಾಯಿ ಬಿಡಲಿಲ್ಲ. ಹುಡುಕುವ ಕೆಲಸಕ್ಕೆ ಕೂಲಿ ಇಲ್ಲದ ಮೇಲೆ ಯಾವ ಗ್ಯಾರೇಜಿನವನು ಹುಡುಕುತ್ತಾನೆ? ಪಾರ್ಟ್ ಮಾರುತ್ತಾನೆ.

ಅದಕ್ಕೇ ಮೊದಲೇ ಮಾತಾಡಿಕೊಳ್ಳಿ. ಚೆಕಿಂಗ್ ಚಾರ್ಜ್ ಇಷ್ಟು, ಪಾರ್ಟ್ ಬೇಡವಾದರೂ ಕೊಡುತ್ತೇನೆ ಅನ್ನಿ. ಕೋಡ್ ಬಂದರೆ ಸ್ಕ್ಯಾನರ್ ಪರದೆಯ ಫೋಟೊ ತೆಗೆದುಕೊಳ್ಳಿ. ಇಂಜೆಕ್ಟರ್ ಬದಲಾಯಿಸಲೇಬೇಕು ಅಂದರೆ ವೈರ್, ಸಾಕೆಟ್ ಅಳೆದು ತೋರಿಸಿ ಅಂತ ಕೇಳಿ, ಬಿಚ್ಚಿದ ಹಳೇದನ್ನು ಮನೆಗೆ ತನ್ನಿ. ಚಿಕ್ಕಪ್ಪನ ಆ ಮೊದಲ ಇಂಜೆಕ್ಟರ್ ಚೆನ್ನಾಗಿಯೇ ಇದ್ದಿರಬೇಕು. ಕೇಳಲು ಹೋದಾಗ ಗುಜರಿಗೆ ಹೋಯಿತು ಅಂದರು.

ನಿಮ್ಮ ತಾಲ್ಲೂಕಿನಲ್ಲಿ ಚೆಕಿಂಗ್‌ಗೆ ಬೇರೆ ಚಾರ್ಜ್ ತೆಗೆದುಕೊಂಡು, ಮೀಟರ್ ಹಿಡಿದು ನೋಡುವ ಗ್ಯಾರೇಜ್ ಇದ್ದರೆ ನಮಗೆ ತಿಳಿಸಿ. ಹೋಗಿ ನೋಡಿಕೊಂಡು ಬಂದು ಬರೆಯುತ್ತೇವೆ.